ಕೊನೆಯ ನಲ್ಲಿ

"ಇವನೇ ನೋಡಿ," ಎಂದರು ಎಂಜಿನಿಯರ್ ಸಾಹೇಬರು, ಅವನ ಹೆಗಲ ಮೇಲೆ ಕೈಯಿಟ್ಟು, ಕೊಳ್ಳುವವರಿಗೆ ಕರುವನ್ನು ತೋರಿಸುವ ಹಾಗೆ ಸ್ವಲ್ಪ ಮುಂದಕ್ಕೆ ನೂಕಿ. "ಎಂಟನೇ ಕ್ಲಾಸಿಗೇ ಪುಸ್ತಕ ಮಡಚಿಟ್ಟು ಬಂದ ಮಹಾನುಭಾವ. ಅಡುಗೆಗೆ ಉಪ್ಪು ಹಾಕ್ತಾರಲ್ಲ, ಹಂಗೆ ಅಂದಾಜಲ್ಲಿ ಗ್ಯಾಸ್ ಬಿಡ್ತಾನೆ. ಹಾಕಿದ್ನೋ ಇಲ್ವೋ ಅಂತ ಮರ್ತು ಇನ್ನೊಂದ್ಸಲ ಹಾಕ್ತಾನೆ. ಇವನ ಮೂಗೇ ಇವನಿಗೆ ಮೀಟರು. ಇಂಥವರನ್ನ ಕಟ್ಕೊಂಡು ನಾನು ನಿಮಗೆ ನೀರು ಕುಡಿಸ್ಬೇಕು."

ನೀರು ಶುದ್ಧಿ ಘಟಕದ ಗೇಟು ದಾಟಿ ಬಂದಿದ್ದ ಬಡಾವಣೆಯವರು ನಕ್ಕರು. ಕೋಪ ಮಾಡಿಕೊಂಡು ಬಂದಿದ್ದವರು. ಒಬ್ಬ ಹೆಂಗಸಂತೂ ಹೋದ ವಾರ ತನ್ನ ಮನೆಯಲ್ಲಿ ಬಂದ ಘಾಟು ನೀರನ್ನು ಬಾಟಲಿಯಲ್ಲಿ ತುಂಬಿಟ್ಟು ತಂದು ಸಾಹೇಬರ ಮೂಗಿಗೆ ಹಿಡಿದಿದ್ದಳು. ಆ ಕೋಪವೆಲ್ಲ ಈಗ ಒಂದು ನಗೆಯಲ್ಲಿ ಸೈಕಲ್ ಟ್ಯೂಬಿನ ಗಾಳಿಯಂತೆ ಇಳಿದುಹೋಯಿತು. ಯಾರನ್ನು ಬೈಯಬೇಕೆಂದು ಗೊತ್ತಾದರೆ ಸಾಕು, ಜನಕ್ಕೆ ಅರ್ಧ ಸಮಾಧಾನವಾಗುತ್ತದೆ. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನದೇ ಬೀದಿಯ ಮೂಲೆಯ ಅಂಗಡಿಯವನು, ಕ್ಯಾನ್ ನೀರು ಮಾರುವವನು. ನಗದೆ ಇದ್ದವಳು ನೀರು ಪರೀಕ್ಷಿಸುವ ಲ್ಯಾಬಿನ ಮೇಡಂ ಒಬ್ಬಳೇ. ಅವಳು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತ ನೆಲ ನೋಡುತ್ತಿದ್ದಳು. ನಕ್ಕಿದ್ದರೇ ವಾಸಿಯಿತ್ತು ಅನ್ನಿಸಿತು ಅವನಿಗೆ. ನಗುವವರ ಮುಖಕ್ಕೆ ಮನಸ್ಸಿನಲ್ಲೇ ಉಗಿಯಬಹುದು, ಕನಿಕರಪಡುವವಳನ್ನು ಏನು ಮಾಡುವುದು. ಸಾಹೇಬರ ಕೈ ಇನ್ನೂ ಅವನ ಹೆಗಲ ಮೇಲೇ ಇತ್ತು, ಬೆಚ್ಚಗೆ, ಸ್ವಲ್ಪ ಬೆವರಿ. ಹೋದ ಬೇಸಿಗೆಯಲ್ಲಿ ಇದೇ ಕೈ ಇದೇ ಹೆಗಲನ್ನು ತಟ್ಟಿತ್ತು. "ಭೇಷ್ ಕಣೋ, ಕೊನೇ ಬೀದಿಯಿಂದ ಒಂದೂ ಕಂಪ್ಲೇಂಟ್ ಇಲ್ಲ, ಏನ್ ಮಂತ್ರ ಹಾಕ್ದೆ?" ಮಂತ್ರ ಏನೆಂದು ಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದರು, ಗೊತ್ತಿದ್ದೇ ತಟ್ಟಿದ್ದರು.

ಅವನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಏನು ಬರುತ್ತಿತ್ತೋ ಅವನಿಗೇ ತಿಳಿಯದು. ಸುಮ್ಮನೆ ನಿಂತಿದ್ದನ್ನು ಕಂಡು ಬಡಾವಣೆಯವರಲ್ಲಿ ಒಬ್ಬ ಮುದುಕ, "ತಪ್ಪಾಯ್ತು ಅಂತ ಒಪ್ಕೊಂಡನಲ್ಲ, ಬಿಡಿ ಪಾಪ," ಎಂದ. ಯಾವಾಗ ಒಪ್ಪಿಕೊಂಡೆ? ಆದರೆ ಇದು ಇವತ್ತಿನ ಕತೆಯಲ್ಲ. ಸ್ಕೂಲಿನ ನಲ್ಲಿ ಮುರಿದದ್ದು ಯಾರೆಂದು ಮೇಷ್ಟ್ರು ಕೇಳಿದಾಗಲೂ ಅವನು ಹೀಗೇ ಗೋಡೆಯಂತೆ ನಿಂತಿದ್ದ, ಎರಡು ಬೆಂಚು ಹಿಂದೆ ಕೂತಿದ್ದ ಅಕ್ಕ ಎದ್ದು, "ಅವನು ಸುಮ್ನಿದ್ರೆ ಹೂಂ ಅಂತ ಸಾರ್," ಎಂದಿದ್ದಳು. ತಮ್ಮನನ್ನು ಉಳಿಸಲು ಎದ್ದವಳು ಅವಳು, ಬೇಗ ಒಪ್ಪಿಕೊಂಡರೆ ಏಟು ಕಮ್ಮಿ ಬೀಳುತ್ತದೆಂದು. ಅವತ್ತಿನಿಂದ ಮನೆಯಲ್ಲಿ ಅವನ ಮೌನಕ್ಕೆ ಅದೇ ಅರ್ಥವಾಯಿತು. ಊಟ ಬೇಕಾ ಅಂದರೆ ಸುಮ್ಮನಿದ್ದ, ಬಡಿಸಿದರು. ಸ್ಕೂಲು ಬಿಡ್ತೀಯಾ ಅಂದರೆ ಸುಮ್ಮನಿದ್ದ, ಬಿಡಿಸಿದರು.

ಜನ ಚೆದುರಿದ ಮೇಲೆ ಅವನು ಫಿಲ್ಟರ್ ಮನೆಗೆ ಹೋಗಿ ಸಲಿಕೆ ಹಿಡಿದ. ಉದ್ದನೆಯ ಮಂಕು ಕೋಣೆ, ಮಧ್ಯೆ ಓಡಾಡಲು ಕಿರಿದಾದ ಕಟ್ಟೆ, ಎರಡೂ ಬದಿಗೆ ಮರಳಿನ ತೊಟ್ಟಿಗಳು. ನೀರು ಬಸಿದ ತೊಟ್ಟಿಯಲ್ಲಿ ಮರಳಿನ ಮೇಲೆ ಪಾಚಿ ಹಸಿರು ಕಂಬಳಿಯಂತೆ ಹಾಸಿಕೊಂಡಿತ್ತು. ಅವನು ಮೊಣಕಾಲವರೆಗೆ ಪ್ಯಾಂಟು ಮಡಚಿ ಇಳಿದು ಕೆರೆಯತೊಡಗಿದ. ಕೆರೆದಷ್ಟೂ ಬರುತ್ತಿತ್ತು. ಹಾಳಾಗಿ ಹೋಗಲಿ, ಎಂದುಕೊಂಡ. ಯಾರು ಹಾಳಾಗಬೇಕೆಂದು ಸ್ಪಷ್ಟವಿರಲಿಲ್ಲ. ಇಲ್ಲಿಗೆ ನೀರು ಬರುವ ಕೆರೆಯ ದಂಡೆಯ ತುಂಬ ಮರಗಳು, ಎಲೆ ಉದುರುವ ಕಾಲದಲ್ಲಿ ನೀರು ಚಹದ ಬಣ್ಣಕ್ಕೆ ತಿರುಗುತ್ತದೆ. ಆ ನೀರು ಒಳಗೆ ಬರುವ ಬಾಯಲ್ಲೇ ಒಂದು ವಾಲ್ವ್ ಇದೆ, ಮೊದಲನೆಯದು. ಅಲ್ಲಿ ಕ್ಲೋರಿನ್ ಗ್ಯಾಸ್ ಜೋರಾಗಿ ಬಿಟ್ಟರೆ ಪಾಚಿ ಹುಟ್ಟುವುದಿಲ್ಲ, ಚಹದ ಬಣ್ಣ ಮಾಯವಾಗುತ್ತದೆ, ತೊಟ್ಟಿ ಕೆರೆಯುವ ಗೋಳಿಲ್ಲ, ಕೊನೆಯ ಬೀದಿಯ ನಲ್ಲಿಯವರೆಗೂ ಘಾಟು ಉಳಿಯುತ್ತದೆ. ಎರಡನೆಯ ವಾಲ್ವ್ ಮರಳು ದಾಟಿದ ಮೇಲಿನದು, ತಿಳಿಯಾದ ನೀರಿಗೆ. ರೋಗ ತಡೆಯಲು ಅದೊಂದೇ ಸಾಕು, ಆದರೆ ಅದೊಂದನ್ನೇ ನಂಬಿದರೆ ತೊಟ್ಟಿ ಕೆರೆಯಲು ಆಳು ಬೇಕು. ಇದ್ದ ಇಬ್ಬರನ್ನು ಸಾಹೇಬರು ಬೇರೆ ಕಡೆಗೆ ಹಾಕಿದ್ದರು. ಹಳೆಯ ಮೇಸ್ತ್ರಿ ನಿವೃತ್ತಿಯಾಗಿ ಹೋಗುವಾಗ ಮೊದಲನೇ ವಾಲ್ವಿನ ಕೀಲಿಯನ್ನು ಅವನ ಅಂಗೈಯಲ್ಲಿಟ್ಟು, "ಇದೇ ನಿನ್ನ ಆಳು, ಸಂಬಳ ಕೇಳಲ್ಲ, ರಜ ಹಾಕಲ್ಲ," ಎಂದು ಕಣ್ಣು ಮಿಟುಕಿಸಿದ್ದ.

ಮೇಸ್ತ್ರಿ ಹೇಳಿದ್ದು ಒಂದು ಸುತ್ತು. ಒಂದೂವರೆ ಮಾಡಿದವನು ಅವನೇ. ಯಾರೂ ಹೇಳಿರಲಿಲ್ಲ. ತನ್ನ ಮನೆಯೇ ಕೊನೆಯ ಬೀದಿಯ ಕೊನೆಯ ಮನೆ, ಪೈಪು ಅಲ್ಲಿಗೆ ಮುಗಿಯುತ್ತದೆ. "ಏನಯ್ಯಾ, ನಿನ್ನ ನೀರಲ್ಲಿ ಕಪ್ಪೆ ಮಿಂದಿದೆಯಾ?" ಎಂದು ಅಂಗಡಿಯವನು ಎಲ್ಲರೆದುರು ಕೇಳಿದ್ದ ದಿನ ಅವನು ಡ್ಯೂಟಿಗೆ ಹೋಗಿ ಚಕ್ರವನ್ನು ಇನ್ನರ್ಧ ತಿರುಗಿಸಿದ್ದ. ಆಮೇಲೆ ಕಪ್ಪೆಯ ಮಾತು ನಿಂತಿತು. ಭಾವ ಅದೇ ಅಂಗಡಿಯಿಂದ ಕ್ಯಾನ್ ನೀರು ಹೊತ್ತು ತಂದ ದಿನವಂತೂ ಅವನಿಗೆ ಮೈಯೆಲ್ಲ ಉರಿದುಹೋಯಿತು. "ನಾನಿರೋ ಮನೇಲಿ ನೀರು ಕೊಂಡು ಕುಡೀತೀರಾ? ಹೋಟ್ಲಿಟ್ಕೊಂಡವನ ಹೆಂಡ್ತಿ ಪಕ್ಕದ ಮನೇಲಿ ಉಣ್ಣಕ್ ಹೋದ್ಲಂತೆ," ಎಂದು ಕ್ಯಾನನ್ನು ಬಾಗಿಲ ಹೊರಗಿಟ್ಟಿದ್ದ. ಭಾವ ಟೈಲರು, ಜಗಳದ ಮನುಷ್ಯನಲ್ಲ. ಬಾಯಲ್ಲಿದ್ದ ಸೂಜಿ ತೆಗೆದು, "ಆಯ್ತಪ್ಪ, ನೀನೇ ಕುಡಿಸು," ಎಂದು ಮಿಷನ್ ತುಳಿಯತೊಡಗಿದ. ಅಕ್ಕ ಮೂರನೆಯ ತಿಂಗಳ ಬಸುರಿ ಆಗ. ನಲ್ಲಿ ತಿರುಗಿಸಿ, ಲೋಟ ತುಂಬಿ, ಮೂಸಿ, "ಘಂ ಅಂತಿದೆ. ತಮ್ಮ ಡ್ಯೂಟೀಲಿದಾನೆ ಅಂತ ಲೆಕ್ಕ," ಎಂದು ಗಟಗಟ ಕುಡಿದಳು. ಬೇಕಂತಲೇ, ಗಂಡನಿಗೆ ಕಾಣುವ ಹಾಗೆ, ತಮ್ಮನ ಮಾನ ಉಳಿಸಲು ಕುಡಿದಳು.

ಸಲಿಕೆ ಕಲ್ಲಿಗೆ ತಗುಲಿ ಹಲ್ಲು ಜುಮ್ಮೆಂದಿತು. ಅವಳ ಮಟ್ಟಿಗೆ ಆ ವಾಸನೆ ಅಂದರೆ ಜೀವ. ಅವರ ಅಮ್ಮ ಸತ್ತದ್ದು ವಾಂತಿಭೇದಿಯಲ್ಲಿ, ಕೊನೆಯ ನಲ್ಲಿಯಲ್ಲಿ ಯಾವ ವಾಸನೆಯೂ ಇರದಿದ್ದ ಒಂದು ವಾರದಲ್ಲಿ. ನೀರು ಆಗ ಕನ್ನಡಿಯಂತೆ ತಿಳಿಯಾಗಿತ್ತು. ಅಂಥ ನೀರನ್ನು ಕುಡಿದು ಬೀದಿಯ ಅರ್ಧ ಜನ ಹಾಸಿಗೆ ಹಿಡಿದರು. ಅಕ್ಕ ಸ್ಕೂಲು ಬಿಟ್ಟು ಒಲೆ ಹಚ್ಚಿದಳು. ಅವನು ಸ್ಕೂಲು ಬಿಟ್ಟು ಅಲ್ಲಿ ಇಲ್ಲಿ ಗುಂಡಿ ತೋಡಿ ಕೊನೆಗೆ ಈ ಗೇಟಿನೊಳಗೆ ಬಂದ. ಬಂದ ಮೊದಲ ದಿನ ಗ್ಯಾಸಿನ ಘಾಟು ಮೂಗಿಗೆ ಹೊಡೆದಾಗ ಎಲ್ಲರೂ ಕೆಮ್ಮಿದರು, ಅವನು ಎದೆ ತುಂಬ ಎಳೆದುಕೊಂಡಿದ್ದ. ಇದು ಇದ್ದಿದ್ದರೆ ಅಮ್ಮ ಇರುತ್ತಿದ್ದಳು.

ಮೇಡಂ ಹೇಳಿದ್ದು ಇದೇ ತೊಟ್ಟಿಯ ಕಟ್ಟೆಯ ಮೇಲೆ ನಿಂತು, ಹೋದ ತಿಂಗಳು. ಅವಳಿಗೆ ಅವನ ಮೇಲೆ ಸಿಟ್ಟಿರಲಿಲ್ಲ, ಪಾಠ ಹೇಳುವವಳ ಹಾಗೂ ಹೇಳಲಿಲ್ಲ. "ಕೊಳೆತ ಎಲೆ ನೀರಲ್ಲಿ ಕರಗಿರುತ್ತಲ್ಲ, ಅದಕ್ಕೆ ಕ್ಲೋರಿನ್ ಸೇರಿದ್ರೆ ಬೇರೆ ಏನೋ ಹುಟ್ಟುತ್ತೆ. ಕಣ್ಣಿಗೆ ಕಾಣಲ್ಲ, ನಾಲಿಗೆಗೆ ಗೊತ್ತಾಗಲ್ಲ. ಪೈಪಲ್ಲಿ ಹೋಗ್ತಾ ಹೋಗ್ತಾ ಇನ್ನೂ ಹುಟ್ತಾನೇ ಇರುತ್ತೆ. ಅದಕ್ಕೇ ಕೊನೇ ನಲ್ಲೀಲಿ ಜಾಸ್ತಿ." ವರ್ಷಗಟ್ಟಲೆ ಕುಡಿದರೆ ಮೂತ್ರಕೋಶದ ಕ್ಯಾನ್ಸರ್ ಬರುವುದು ಸ್ವಲ್ಪ ಹೆಚ್ಚಬಹುದು ಎಂದಳು. ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಬಿಸಿನೀರು ಹುಯ್ದುಕೊಂಡರೆ ಹಬೆಯಲ್ಲೂ ಬರುತ್ತದೆ ಎಂದಳು. ಆಮೇಲೆ, "ಬಸುರಿಯರಿಗೂ ಒಳ್ಳೇದಲ್ಲವೇನೋ ಅಂತ ಒಂದು ಅನುಮಾನ ಇದೆ," ಎಂದಳು.

"ಮಗು ಹೋಗ್ಬಿಡುತ್ತಾ?"

"ಹಾಗಂತ ಯಾರೂ ಹೇಳಕ್ಕಾಗಲ್ಲ."

"ಹೋಗಲ್ಲ ಅಂತಾನಾ ಹಂಗಾದ್ರೆ?"

"ಹಾಗಂತಾನೂ ಹೇಳಕ್ಕಾಗಲ್ಲ. ಒಬ್ಬೊಬ್ಬರ ವಿಷಯದಲ್ಲಿ ಇದರಿಂದಾನೇ ಆಯ್ತು ಅಂತ ಬೆರಳು ತೋರ್ಸೋಕೆ ಆಗಲ್ಲ ರೀ. ಆದ್ರೆ ಕ್ಲೋರಿನ್ ನಿಲ್ಲಿಸಿದ್ರೆ ಮಾತ್ರ ನಾಳೆನೇ ವಾಂತಿಭೇದಿ. ಅದನ್ನ ಗ್ಯಾರಂಟಿಯಾಗಿ ಹೇಳ್ಬಹುದು."

ಓದಿದವರ ನಾಲಿಗೆ. ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅವಳ ಮೇಲೆ ಆ ಕ್ಷಣ ಅವನಿಗೆ ತಡೆಯಲಾರದಷ್ಟು ರೋಷ ಬಂದಿತ್ತು. ಹೌದು ಅಂದಿದ್ದರೆ ತಲೆ ಗೋಡೆಗೆ ಚಚ್ಚಿಕೊಳ್ಳುತ್ತಿದ್ದ, ಇಲ್ಲ ಅಂದಿದ್ದರೆ ಹೋಗಿ ನಿದ್ದೆ ಮಾಡುತ್ತಿದ್ದ. ಅಕ್ಕನ ಆ ಬಸಿರು ಐದನೆಯ ತಿಂಗಳಿಗೆ ಇಳಿದುಹೋಗಿತ್ತು, ಹೋದ ವರ್ಷದ ಎಲೆ ಉದುರುವ ಕಾಲದಲ್ಲೇ. ಡಾಕ್ಟರು, ಎಷ್ಟೋ ಜನಕ್ಕೆ ಹೀಗಾಗುತ್ತೆ, ಕಾರಣ ಹುಡುಕಬೇಡಿ, ನೀರು ಮಾತ್ರ ಚೆನ್ನಾಗಿ ಕುಡೀರಿ ಎಂದರು. ಅಕ್ಕ ಡಾಕ್ಟರ ಮಾತು ಮೀರುವವಳಲ್ಲ. ಈಗ ಮತ್ತೆ ಬಸುರಿ, ಮತ್ತೆ ಕೆರೆ ಚಹದ ಬಣ್ಣಕ್ಕೆ ತಿರುಗಿದೆ, ಅವಳು ಎದ್ದಾಗ ಒಂದು ಲೋಟ, ಕೂತಾಗ ಒಂದು ಲೋಟ, ಔಷಧಿಯಂತೆ ಕುಡಿಯುತ್ತಾಳೆ. ಮೇಡಂ ಹೇಳಿದ ದಿನ ಅವನು ಮನೆಗೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಹೇಳಬೇಕೆಂದೇ ನಿಂತಿದ್ದ. ಹೇಳಿದರೆ, ಹೋದ ಸಲದ್ದೂ ಹೇಳಿದಂತಾಗುತ್ತದೆ. ಕ್ಯಾನನ್ನು ಹೊರಗಿಟ್ಟವನು ಯಾರು? ಅವಳು ತಿರುಗಿ ನೋಡಿ, "ಹಸಿವಾ?" ಎಂದಳು. ಅವನು ಸುಮ್ಮನಿದ್ದ. ಅವಳು ತಟ್ಟೆ ಹಾಕಿದಳು.

ಸಾಹೇಬರು ಅವನನ್ನು ರೂಮಿಗೆ ಕರೆದದ್ದು ಈ ವಾರದ ಮೊದಲಿಗೆ. ಕೂತ್ಕೋ ಎಂದರು, ಯಾವತ್ತೂ ಅನ್ನದವರು. ಹೋದ ತಿಂಗಳ ಸ್ಯಾಂಪಲ್ ಸರಿಬಂದಿಲ್ಲ, ಮತ್ತೆ ಕೊನೆಯ ನಲ್ಲಿಯಿಂದಲೇ ಸ್ಯಾಂಪಲ್ ತೆಗೆಯುತ್ತಾರೆ, ಮೇಲಿನವರ ಆರ್ಡರು ಎಂದರು. "ಅಲ್ಲೀವರೆಗೂ ಮೊದಲನೇ ವಾಲ್ವ್ ಮುಚ್ಬಿಡು. ಟ್ಯಾಂಕಲ್ಲಿರೋದು, ಪೈಪಲ್ಲಿರೋದು ಎಲ್ಲ ಖಾಲಿಯಾಗಿ ಹೊಸ ನೀರು ನಿಮ್ಮನೆ ತಲುಪ್ಲಿ. ಆ ಯಮ್ಮ ಬಾಟ್ಲಿ ತುಂಬ್ಕೊಂಡು ಆ ಕಡೆ ಹೋದ್ಮೇಲೆ ಈ ಕಡೆ ತೆಗ್ದುಬಿಡು. ತೊಟ್ಟಿ ಕೆರ್ಕೊಂಡು ಕೂರಕ್ಕೆ ನಿಮ್ಮಪ್ಪ ಬರ್ತಾನಾ?" ಆಮೇಲೆ ದನಿ ಇಳಿಸಿ, "ನಿನ್ನ ಪರ್ಮನೆಂಟ್ ವಿಷ್ಯ ನನ್ ತಲೇಲಿದೆ. ಆಯ್ತಾ?" ಎಂದರು. ಅವನು ಸುಮ್ಮನಿದ್ದ. "ಗುಡ್," ಎಂದರು ಸಾಹೇಬರು.

ವಾಲ್ವ್ ಮುಚ್ಚಿದ ಮೇಲೆ ಪಾಚಿ ನುಗ್ಗಿಬಂತು. ಅವನು ಒಬ್ಬನೇ ಕೆರೆದ, ಮರಳು ತೊಳೆದ, ಮತ್ತೆ ಕೆರೆದ. ಬೆನ್ನು ಮುರಿದುಹೋಗುವಂತಾದರೂ ಒಂದು ಸುಖವಿತ್ತು ಅದರಲ್ಲಿ, ಮತ್ತು ಆ ಸುಖದ ಬಗ್ಗೆ ಅವನಿಗೆ ನಾಚಿಕೆಯಾಗುತ್ತಿತ್ತು. ಈ ಗೇಟಿನೊಳಗೆ ಬಂದ ಮೇಲೆ ಇಷ್ಟು ಒಳ್ಳೆಯ ನೀರು ಅವನ ಕೈಯಿಂದ ಹೋಗಿರಲಿಲ್ಲ. ಬಣ್ಣ ಸ್ವಲ್ಪ ಉಳಿದಿರಬಹುದು, ಘಾಟು ಕಮ್ಮಿಯಿರಬಹುದು. ಆದರೆ ಎಲೆಯ ಸಾರವನ್ನು ಪಟಿಕ ಹಾಕಿ ಕೆಳಗೆ ಕೂರಿಸಿ, ಮರಳಲ್ಲಿ ಸೋಸಿ, ಕೊನೆಗೆ ತಿಳಿ ನೀರಿಗೆ ಹದವಾಗಿ ಗ್ಯಾಸ್ ಬಿಟ್ಟ ನೀರು ಅದು. ಹೀಗೆ ದಿನಾ ಮಾಡಬಹುದು, ಇನ್ನಿಬ್ಬರಿದ್ದರೆ. ಸುಳ್ಳಿಗೋಸ್ಕರ ಮಾಡಿದ್ದರಿಂದ ಮಾತ್ರ ಅದು ಒಳ್ಳೆಯದಾಗಿತ್ತು. ಕದಿಯಲು ಬಂದ ಕಳ್ಳ ಅಳುವ ಕೂಸನ್ನು ತೂಗಿ ಮಲಗಿಸಿದ ಹಾಗೆ.

ಇವತ್ತು ಮಧ್ಯಾಹ್ನ ಮೇಡಂ ಸ್ಯಾಂಪಲ್ ತೆಗೆಯಲು ಹೊರಟಳು, ಸಾಹೇಬರು ಅವನನ್ನು ಜೊತೆಗೆ ಕಳಿಸಿದರು: "ನಿಂದೇ ಮನೆ, ನೀನೇ ದಾರಿ ತೋರ್ಸು." ಜೀಪಿನಲ್ಲಿ ಅವಳ ಪಕ್ಕ ಕೂರಲು ಸಂಕೋಚವಾಗಿ ಅವನು ಹಿಂದೆ, ಐಸು ತುಂಬಿದ ಡಬ್ಬಿಯ ಹತ್ತಿರ ಕೂತ. ಮೈಯಿಂದ ಪಾಚಿಯ ವಾಸನೆ ಏಳುತ್ತಿತ್ತು. ಜೇಬಿನಲ್ಲಿ ವಾಲ್ವಿನ ಕೀಲಿ ತೊಡೆಗೆ ಒತ್ತುತ್ತಿತ್ತು. "ಬೆಳಿಗ್ಗೆ ಅವರು ಹಾಗಂದಿದ್ದು ಸರಿಯಲ್ಲ," ಎಂದಳು ಅವಳು, ತಿರುಗದೆ. ಈಗ ಹೇಳುತ್ತಾಳೆ. ಬೆಳಿಗ್ಗೆ ಬಾಯಿಗೆ ಬೀಗವಿತ್ತೇನೋ. ಹೇಳಿಬಿಡಬೇಕು ಇವಳಿಗೆ, ಎಂದುಕೊಂಡ. ಮೇಡಂ, ಇವತ್ತು ನೀವು ಹಿಡಿಯೋ ನೀರು ನಾಳೆ ಇರಲ್ಲ. ಒಂದು ವಾಕ್ಯ. ಅವಳು ಬರೆಯುತ್ತಾಳೆ, ಮೇಲಿನವರು ಕೇಳುತ್ತಾರೆ, ಸಾಹೇಬರು, ಮುಚ್ಚಿದವನೂ ತೆರೆದವನೂ ಅವನೇ ಎನ್ನುತ್ತಾರೆ, ಬಡಾವಣೆಯವರೆಲ್ಲ ಸಾಕ್ಷಿ: ಅಂದಾಜಲ್ಲಿ ಉಪ್ಪು ಹಾಕುವವನು, ಬೆಳಿಗ್ಗೆ ನಮ್ಮೆದುರೇ ಒಪ್ಪಿಕೊಂಡನಲ್ಲ. ಆಗ ಅವನಿಗೆ ಥಟ್ಟನೆ ಹೊಳೆಯಿತು, ಬೆಳಗಿನ ಅವಮಾನ ಬಾಯಿಗೆ ಬಂದದ್ದಲ್ಲ, ಯೋಚಿಸಿ ಮಾಡಿದ್ದು. ಸಾಹೇಬರು ಅವನ ಬಾಯಿಗೆ ಮುಂಚಿತವಾಗಿಯೇ ಮಣ್ಣು ತುಂಬಿದ್ದರು.

ಬೀದಿಯಲ್ಲಿ ಆಗಲೇ ಸುದ್ದಿ ಹರಡಿತ್ತು. ಅಂಗಡಿಯವನು ಕ್ಯಾನುಗಳ ಮಧ್ಯೆ ಸ್ಟೂಲು ಹಾಕಿಕೊಂಡು, "ಬಂದ್ರು ನಮ್ಮ ಸೈಂಟಿಸ್ಟು," ಎಂದ. ಎದುರು ಮನೆಯ ಅಜ್ಜಿ, ಬಾಟಲಿಯ ಹೆಂಗಸು, ಇನ್ನೂ ನಾಲ್ಕಾರು ಜನ ಮನೆಯೊಳಗೇ ಬಂದು ನಿಂತರು. ಭಾವ ಮಿಷನ್ ನಿಲ್ಲಿಸಿದ. ಮೇಡಂ ಅಡುಗೆಮನೆಯ ನಲ್ಲಿ ತಿರುಗಿಸಿ ನೀರನ್ನು ಸುಮ್ಮನೆ ಹರಿಯಬಿಟ್ಟಳು. ಚಿಕ್ಕ ಕಂದು ಬಣ್ಣದ ಬಾಟಲಿ, ತಳದಲ್ಲಿ ಚಿಟಿಕೆ ಬಿಳಿ ಪುಡಿ. "ಅದೇನವ್ವಾ ಪುಡಿ?" ಎಂದಳು ಅಜ್ಜಿ. "ಒಳಗಿನ ಕೆಲಸ ನಿಲ್ಲಿಸೋಕೆ ಅಜ್ಜಿ. ಇಲ್ದಿದ್ರೆ ಬಾಟ್ಲಿ ಒಳಗೂ ಅದು ಹುಟ್ತಾನೇ ಇರುತ್ತೆ." ಬಾಟಲಿ ತುಂಬಿ ತುಳುಕುವವರೆಗೆ ಹಿಡಿದು, ಮುಚ್ಚಳ ಬಿಗಿದು, ತಲೆಕೆಳಗು ಮಾಡಿ ಬೆಳಕಿಗೆ ಎತ್ತಿದಳು. ಒಂದು ಗುಳ್ಳೆಯೂ ಇರಬಾರದಂತೆ. ಎಲ್ಲರೂ ಆ ಬಾಟಲಿಯನ್ನು ನೋಡಿದರು. ಅವನು ಅಕ್ಕನನ್ನು ನೋಡಿದ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ಮನೆಗೆ ದೊಡ್ಡವರು ಬಂದರೆಂಬ ಸಂಭ್ರಮದಲ್ಲಿ, ಇದ್ದುದರಲ್ಲೇ ಹೊಳೆಯುವ ಲೋಟ ಹುಡುಕಿ, ಹರಿಯುತ್ತಿದ್ದ ಅದೇ ನಲ್ಲಿಗೆ ಹಿಡಿದು ತುಂಬಿ, "ಬಿಸ್ಲಲ್ಲಿ ಬಂದಿದೀರ, ತಗೊಳ್ಳಿ ಮೇಡಂ," ಎಂದು ನೀಡಿದಳು.

ಮೇಡಂ ಲೋಟ ತೆಗೆದುಕೊಂಡಳು. ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಇರ್ಲಿ, ಈಗ ಬೇಡ," ಎಂದಳು ಮೆಲ್ಲಗೆ. ಅವಳ ಚೀಲದ ಪಕ್ಕದ ಜೇಬಿನಲ್ಲಿ ಅವಳದೇ ನೀರಿನ ಬಾಟಲಿ ಅರ್ಧ ಖಾಲಿಯಾಗಿ ನಿಂತಿತ್ತು, ಮತ್ತು ಅಡುಗೆಮನೆಯಲ್ಲಿದ್ದ ಎಲ್ಲರೂ, ಬಾಗಿಲಿಗೆ ಒರಗಿದ್ದ ಅಂಗಡಿಯವನೂ ಸೇರಿ, ಅದನ್ನು ನೋಡಿದರು. ಕೊನೆಗೆ ಅಕ್ಕನೂ ನೋಡಿದಳು. ಅವಳ ಮುಖದ ಮೇಲಿನ ಸಂಭ್ರಮ ಇಳಿಯಲಿಲ್ಲ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತುಬಿಟ್ಟಿತು.

"ನಾನು ಬಡ್ಕೊಂಡೆ," ಎಂದ ಅಂಗಡಿಯವನು. "ಅವರೇ ಕುಡಿಯಲ್ಲ."

"ಯಾಕೆ ಮೇಡಂ?" ಎಂದಳು ಅಕ್ಕ. "ಕುಡೀಬಾರ್ದಾ?"

ಮೇಡಂ ಬಾಟಲಿಯನ್ನು ಐಸಿನಲ್ಲಿ ಹೂಳುತ್ತ, "ರಿಪೋರ್ಟ್ ಬರ್ಲಿ ಅಮ್ಮ, ಆಮೇಲೆ ಹೇಳ್ತೀವಿ," ಎಂದಳು. ರಿಪೋರ್ಟು ಬರುತ್ತದೆ. ಚೆನ್ನಾಗಿಯೇ ಬರುತ್ತದೆ. ಅದನ್ನು ಈ ಗೋಡೆಗೆ ಅಂಟಿಸಿದರೂ ಅಂಟಿಸಿಯಾರು. ಅಕ್ಕ ತಮ್ಮನ ಕಡೆ ತಿರುಗಿದಳು. ಕಟ್ಟೆಯ ಮೇಲಿನ ಲೋಟವನ್ನು ಕೈಗೆತ್ತಿಕೊಂಡಿದ್ದಳು. ಇನ್ನೊಂದು ಕೈ, ಅವಳಿಗೇ ಅರಿವಿಲ್ಲದೆ, ಹೊಟ್ಟೆಯ ಮೇಲಿತ್ತು.

"ಲೋ, ನೀನು ಹೇಳೋ. ಇವರೆಲ್ಲ ಏನಾದ್ರೂ ಅಂದ್ಕೊಳ್ಲಿ. ನೀನೇ ಮಾಡಿ ಕಳ್ಸೋ ನೀರು. ನಾನು ಕುಡೀಬಹುದು ತಾನೇ?"

ಲೋಟದಲ್ಲಿರುವುದನ್ನು ಕುಡಿ ಅಕ್ಕಾ, ಅದು ಒಳ್ಳೆಯದು, ನಾಲ್ಕು ದಿನ ಬೆನ್ನು ಮುರಿದು ಮಾಡಿದ್ದು. ಇದೊಂದು ಲೋಟ ಕುಡಿ. ಆಮೇಲಿನದನ್ನು ಬೇಡ. ಹೋದ ವರ್ಷದ್ದು. ಅಲ್ಲಿಗೆ ಬಂದು ಮಾತು ನಿಂತಿತು, ನಾಲಿಗೆಯ ಬುಡದಲ್ಲಿ, ಮರಳಿನ ತೊಟ್ಟಿಯಲ್ಲಿ ಸಲಿಕೆ ಕಲ್ಲಿಗೆ ತಗುಲಿದ ಹಾಗೆ. ಬಿಸಿಲಿಗೆ ಲೋಟದ ಅಂಚು ಹೊಳೆಯುತ್ತಿತ್ತು. ಭಾವ ಅವನನ್ನೇ ನೋಡುತ್ತಿದ್ದ. ಹೋದ ಸಲ ಹೊರಗೆ ಹೋದ ಆ ಕ್ಯಾನಿನ ನೆನಪು ಭಾವನ ಕಣ್ಣಲ್ಲಿ ಇತ್ತೋ ಇಲ್ಲವೋ, ಅವನು ಓದಲಾರದೆ ಹೋದ. ಮೇಡಂ ಡಬ್ಬಿ ಮುಚ್ಚುವುದನ್ನು ನಿಲ್ಲಿಸಿ ತಲೆಯೆತ್ತಿದ್ದಳು. ಜೇಬಿನಲ್ಲಿ ಕೀಲಿ ಅವನ ಮುಷ್ಟಿಯೊಳಗೆ ಬಿಸಿಯಾಗಿತ್ತು. ಈಗ ಹೊರಟರೆ ಕತ್ತಲಾಗುವ ಮುಂಚೆ ಫಿಲ್ಟರ್ ಮನೆ ಸೇರಬಹುದು. ಮೊದಲನೇ ವಾಲ್ವ್ ಇನ್ನೂ ಮುಚ್ಚಿಯೇ ಇತ್ತು, ಅದನ್ನು ತೆಗೆಯುವವನೂ ತೆಗೆಯದೆ ಬಿಡಬಹುದಾದವನೂ ಅವನೇ.

ಅವನು ಬಾಗಿಲಲ್ಲಿದ್ದ ಅಂಗಡಿಯವನನ್ನು ಭುಜದಿಂದ ಸರಿಸಿ ಹೊರಗೆ ಬಂದ. ಚಪ್ಪಲಿ ಮೆಟ್ಟಿದ. ಜೀಪು ದಾಟಿ ನಡೆಯತೊಡಗಿದ.

"ನೋಡಿದ್ರಾ," ಎನ್ನುತ್ತಿದ್ದಳು ಅಕ್ಕ ಒಳಗೆ, ಎಲ್ಲರಿಗೂ ಕೇಳುವಂತೆ, ನಗುನಗುತ್ತ. "ಅವನು ಸುಮ್ನಿದ್ರೆ ಹೂಂ ಅಂತ. ಚಿಕ್ಕಂದಿಂದಾನೂ ಹಂಗೇ."

ಅವಳು ಕುಡಿದ ಸದ್ದು ಬೀದಿಯವರೆಗೆ ಕೇಳುವಂಥದ್ದಲ್ಲ. ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿದ ಸದ್ದು ಮಾತ್ರ ಕೇಳಿಸಿತು, ಆಮೇಲೆ ಮತ್ತೊಮ್ಮೆ ನಲ್ಲಿ ತಿರುಗಿಸಿದ ಸದ್ದು. ಅವನು ತಿರುಗಿ ನೋಡದೆ ನಡೆದ.